ಏಳು ರೊಟ್ಟಿಯ ಹೊಗೆ

ಒತೆಗೆನ್‌ಗೆ ಗೋರಿ ಇರಲಿಲ್ಲ. ಮೂರು ಚಳಿಗಾಲದ ಹಿಂದೆ ಅರಾಲ್ ಸಮುದ್ರದ ಹಿಮಗಡ್ಡೆಯ ಮೇಲೆ ಬಲೆ ಬಿಡಲು ಹೋಗಿದ್ದ. ನೆಲದ ಕಡೆಯಿಂದ ಎದ್ದ ಗಾಳಿ ಗಡ್ಡೆಯನ್ನು ದಡದಿಂದ ಮುರಿದು, ಅವನ ಸಮೇತ ಒಳಕ್ಕೆ ಒಯ್ದಿತು. ಹೆಣ ಸಿಗಲಿಲ್ಲ. ಅದಕ್ಕೇ ಅವನ ಹೆಂಡತಿ ಕುಲ್ಯಾಶ್, ಸತ್ತವರಿಗೆಂದು ಶುಕ್ರವಾರ ಕರಿಯುವ ಏಳು ರೊಟ್ಟಿಯನ್ನು ಅವನ ಹೆಸರಿನಲ್ಲಿ ಒಮ್ಮೆಯೂ ಕರಿದಿರಲಿಲ್ಲ. ಕಾದ ಎಣ್ಣೆಯ ವಾಸನೆಯೇ ಸತ್ತವರ ಊಟ. ಅದನ್ನು ಕಳಿಸಿದರೆ ಅವನು ಸತ್ತನೆಂದು ತಾನೇ ಒಪ್ಪಿದಂತೆ.

"ರಾತ್ರಿ ಮತ್ತೆ ಬಂದಿದ್ದ ಕಣೇ," ಎಂದಳು ಅತ್ತೆ. "ಬಾಗಿಲ ಹತ್ರ ನಿಂತಿದ್ದ. ಬೂಟಿಂದ ನೀರು ಸೋರ್ತಿತ್ತು. ಹಸಿವು ಅಂತಾನೆ. ನಿನ್ನನ್ನ ಕೇಳಿ ಪ್ರಯೋಜನ ಇಲ್ಲ ಅಂತ ಗೊತ್ತಲ್ಲ, ನನ್ನನ್ನೇ ಕೇಳ್ತಾನೆ."

ಬೆಳಿಗ್ಗೆ ಹೊಸ್ತಿಲ ಬಳಿ ನೆಲ ಒದ್ದೆಯಾಗಿದ್ದನ್ನು ಕುಲ್ಯಾಶ್ ತಾನೇ ಒರೆಸಿದ್ದಳು. ಚಳಿಗೆಂದು ಒಳಗೆ ಕಟ್ಟಿದ ಕರುವಿನ ಕೆಲಸ ಇರಬೇಕು ಅಂದುಕೊಂಡಿದ್ದಳು. ಕರು ಇದ್ದದ್ದು ಇನ್ನೊಂದು ಮೂಲೆಯಲ್ಲಿ.

ಅಂಗಳದಲ್ಲಿ ಮಗ ಜೋಲಮಾನ್ ಗಡ್ಡೆಗೆ ಹೊರಡಲು ಕುದುರೆಯನ್ನು ಜಾರುಬಂಡಿಗೆ ಕಟ್ಟಿ, ಒಂಬತ್ತು ಬಲೆ ಹೇರಿ, ಮೊಬೈಲು ತೆಗೆದ.

"ಸಂಜೆವರೆಗೂ ಕಡಲ ಗಾಳಿನೇ ಅಮ್ಮ. ನೋಡಿಲ್ಲಿ."

"ಅದು ರೈಲ್ವೆ ಸ್ಟೇಷನ್ ಊರಿನ ಗಾಳಿ. ನಮ್ಮೂರು ಅದರಲ್ಲಿ ಎಲ್ಲಿದೆ ತೋರಿಸು?"

"ನಮ್ಮೂರಿಗೆ ಬಸ್ಸೇ ಇಲ್ಲ, ಇನ್ನು ಗಾಳಿ ಬೇರೆ ಕೊಡ್ತಾರಾ?" ಜೋಲಮಾನ್ ನಕ್ಕ. "ಕಡಲ ಗಾಳಿ ಇರೋತನಕ ಗಡ್ಡೆ ದಡಕ್ಕೆ ಒತ್ಕೊಂಡಿರುತ್ತೆ. ತಿರುಗಿದ್ರೆ ಟೈರಿಗೆ ಬೆಂಕಿ ಹಚ್ಚು. ಹೊಗೆ ಕಂಡ್ರೆ ಬಲೆ ಗಿಲೆ ಬಿಟ್ಟು ಓಡಿ ಬರ್ತೀನಿ."

ಹಳೆಯ ಟೈರು, ಪಕ್ಕದಲ್ಲಿ ಸೀಮೆಎಣ್ಣೆ ಬಾಟಲಿ, ಒತೆಗೆನ್ ಹೋದ ಚಳಿಗಾಲದಿಂದ ಗೋಡೆಗೆ ಒರಗಿಯೇ ಇದ್ದವು.

"ಮರೀಬೇಡ. ಮತ್ತೆ, ಇವತ್ತು ಶುಕ್ರವಾರ, ಅಪ್ಪನಿಗೆ ಆ ರೊಟ್ಟಿ ಕರಿದುಬಿಡಮ್ಮ. ಅಜ್ಜಿ ಮನೇಲಿ ಯಾರಿಗೂ ನಿದ್ದೆ ಮಾಡೋಕೆ ಬಿಡ್ತಿಲ್ಲ."

ಮಧ್ಯಾಹ್ನ ಕುಲ್ಯಾಶ್ ಅಂಗಳದ ಒಲೆಯ ಮೇಲೆ ಬಾಣಲೆ ಇಟ್ಟಳು. ಅತ್ತೆ ಕಂಬಳಿ ಹೊದ್ದು ಬಂದು ಕೂತಳು. ಮೊದಲ ರೊಟ್ಟಿ ಬಿಟ್ಟಾಗ ಹೊಗೆ ಮನೆಯ ಕಡೆಗೇ ಬಂದು ಇಬ್ಬರ ಕಣ್ಣನ್ನೂ ಉರಿಸಿತು. ಅತ್ತೆ ಅಂಗೈ ತೆರೆದು ಪ್ರಾರ್ಥನೆ ಹೇಳಿ, ಕೊನೆಗೆ ಮಗ ಒತೆಗೆನ್ ಹೆಸರು ಕೂಗಿದಳು. ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಹೊಗೆ ನೆಟ್ಟಗೆ ಮೇಲೆದ್ದು ನಿಂತಿತು. ಆಮೇಲೆ ನಿಧಾನವಾಗಿ ಸಮುದ್ರದ ಕಡೆಗೆ ಬಾಗಿತು.

"ನೋಡೇ!" ಮುದುಕಿ ಅವಳ ತೋಳು ಹಿಡಿದಳು. "ಹೆಸರು ಹೇಳಿದ್ದೇ ತಡ, ಹೋಗ್ತಾ ಇದೆ! ಅವನ ಹತ್ರಾನೇ ಹೋಗ್ತಾ ಇದೆ!"

ಮೂರು ವರ್ಷದಲ್ಲಿ ಕುಲ್ಯಾಶ್ ಮೊದಲ ಸಲ ಅತ್ತದ್ದು ಆಗಲೇ. ಹೊಗೆ ತೆಳುವಾಗಬಾರದೆಂದು ಬಾಣಲೆಗೆ ಇನ್ನಷ್ಟು ಕೊಬ್ಬು ಹಾಕಿದಳು. ಹೊಗೆ ದಡ ದಾಟಿ, ಗಡ್ಡೆಯ ಮೇಲೆ ಹಾದು, ಅವನು ಹೋದ ದಿಕ್ಕಿಗೇ ಹೋಯಿತು.

"ತಿನ್ನಿ," ಎಂದಳು. "ಹೊಟ್ಟೆ ತುಂಬ ತಿನ್ನಿ."

ಏಳನೆಯ ರೊಟ್ಟಿ ತೆಗೆದು ಎದ್ದು ನಿಂತಾಗ ತಲೆವಸ್ತ್ರದ ಸೆರಗು ಹಿಂದಿನಿಂದ ಹಾರಿ ಬಂದು ಅವಳ ಬಾಯಿಗೆ ಬಡಿಯಿತು. ಅವಳು ನಿಂತಿದ್ದದ್ದು ಸಮುದ್ರಕ್ಕೆ ಮುಖ ಮಾಡಿ. ಸೆರಗನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಗೋಡೆಗೆ ಒರಗಿದ್ದ ಟೈರನ್ನು.

ಬೆಂಕಿ ಹತ್ತುವಷ್ಟರಲ್ಲಿ ದಡಕ್ಕೂ ಗಡ್ಡೆಗೂ ನಡುವೆ ಕಪ್ಪು ನೀರು ಹೊಳೆಯಷ್ಟು ಅಗಲವಾಗಿತ್ತು. ಟೈರಿನ ಹೊಗೆಯೂ ತಗ್ಗಿ ಅದೇ ದಾರಿ ಹಿಡಿಯಿತು. ನೆರೆಯವರು ಓಡಿ ಬಂದು ನೀರಿನ ಅಂಚಿನಲ್ಲಿ ನಿಂತರು. ದೋಣಿಗಳೆಲ್ಲ ಹಿಮದಲ್ಲಿ ಹೂತಿದ್ದವು.

"ಇನ್ನೊಂದು ಕರಿಯೇ," ಅನ್ನುತ್ತಿದ್ದಳು ಅತ್ತೆ ಒಲೆಯ ಬಳಿ. ಅವಳಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. "ಅವನಿಗೆ ಇನ್ನೂ ಹಸಿವಿದೆ."

ತಟ್ಟೆಯಲ್ಲಿ ರೊಟ್ಟಿ ಏಳೂ ಇದ್ದವು. ಹೋದದ್ದು ಒಬ್ಬ ಮಗ, ಒಂದು ಕುದುರೆ, ಒಂದು ಜಾರುಬಂಡಿ, ಒಂಬತ್ತು ಬಲೆ.