ನಾಲ್ಕಕ್ಕೂ ಐದಕ್ಕೂ ನಡುವೆ

ವೃಂದಾ ಎಂ.ಎ. ಮುಗಿಸಿ ಒಂದೂವರೆ ವರ್ಷವಾಗಿತ್ತು. ಹಾಕಿದ ಹನ್ನೊಂದು ಅರ್ಜಿಗಳಲ್ಲಿ ಕರೆ ಬಂದಿದ್ದು ಒಂದಕ್ಕೆ. ಪುಸ್ತಕ ಪ್ರಕಾಶನದ ಕೆಲಸ. ಇವತ್ತು ಹತ್ತೂವರೆಗೆ ಲ್ಯಾಪ್‌ಟಾಪಿನಲ್ಲೇ ಸಂದರ್ಶನ. ಅವಳಿಗೆ ಬೇಕಾಗಿದ್ದದ್ದು ಅರ್ಧ ಗಂಟೆಯ ನಿಶ್ಶಬ್ದ. ಅಣ್ಣಾ ನಗರದ ಆ ಎರಡು ಕೋಣೆಯ ಮನೆಯಲ್ಲಿ ಸಿಕ್ಕದ ವಸ್ತು ಅದೊಂದೇ.

ಹತ್ತು ಹೊಡೆಯುವಷ್ಟರಲ್ಲಿ ಅಡಿಗೆಮನೆಯಿಂದ ಕೂಗು ಬಂತು.

"ವೃಂದಾ, ಕೇಳಿಸ್ತಿಲ್ಲ ಕಣೇ. ಒಂದು ಚೂರು ಜಾಸ್ತಿ ಮಾಡು."

ಅಜ್ಜಿ ಜಯಲಕ್ಷ್ಮಿ ಮಡಿಯಲ್ಲಿದ್ದರು. ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತರೆ, ಅಡಿಗೆ ಮುಗಿಯುವವರೆಗೆ ಫೋನು, ಸ್ಪೀಕರು, ಮೊಮ್ಮಗಳು ಯಾವುದನ್ನೂ ಮುಟ್ಟುವಂತಿಲ್ಲ. ಆದರೆ ಫ್ರಿಜ್ಜಿನ ಮೇಲಿನ ಪುಟ್ಟ ಸ್ಪೀಕರಿನಿಂದ ಹರಿಕಥೆ ಹರಿಯುತ್ತಲೇ ಇರಬೇಕು.

ವೃಂದಾ ಫೋನಿನ ಗುಂಡಿ ಒತ್ತಿದಳು. ಸದ್ದು ನಾಲ್ಕರಿಂದ ಐದಕ್ಕೆ ಹಾರಿತು. ಹರಿಕಥೆ ಹೇಳುವ ದಾಸರೇ ಫ್ರಿಜ್ಜಿನ ಮೇಲೆ ಎದ್ದು ನಿಂತು ಹಾಡಿದಂತಾಯಿತು.

"ಅಷ್ಟು ಬೇಡ್ವೇ! ಕೊಂಜ, ಒಂಚೂರು ಕಮ್ಮಿ."

ನಾಲ್ಕಕ್ಕೆ ಇಳಿಸಿದಳು.

"ಈಗ ಏನೂ ಇಲ್ಲ."

"ನಾಲ್ಕಾದ್ಮೇಲೆ ಐದೇ ಅಜ್ಜಿ! ನಡುವೆ ಏನೂ ಇಲ್ಲ. ಇದೇನು ಉಪ್ಪಾ, ಚೂರು ಉದುರಿಸೋಕೆ?"

"ಹಳೇ ರೇಡಿಯೋ ತಿರುಗಿಸಿದ್ರೆ ಎಲ್ಲಿ ಬೇಕೋ ಅಲ್ಲಿ ನಿಲ್ತಿತ್ತಮ್ಮ. ಇದನ್ನ ಮಾಡಿದೋನಿಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಮೂರು ತಿಂಗಳಿಂದ ದಿನಾ ಇದೇ ಪಾಡು. ಸ್ಪೀಕರು ಬಂದದ್ದೂ, ತಾತ ರಾಮದಾಸರು ಬಚ್ಚಲಲ್ಲಿ ಜಾರಿ ಬಿದ್ದದ್ದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಯಾರನ್ನಾದರೂ ಕರೆಯದೆ ಮಂಚದಿಂದ ಏಳಕೂಡದು ಎಂದಿದ್ದರು ಡಾಕ್ಟರು. "ಬೀಳೋದು ಮುದುಕರು" ಎಂದಿದ್ದರು ಎಪ್ಪತ್ತೊಂಬತ್ತರ ತಾತ. ರೈಲ್ವೆಯಲ್ಲಿ ಮೂವತ್ತಾರು ವರ್ಷ ಇನ್ನೊಬ್ಬರಿಗೆ ಹಸಿರು ಬಾವುಟ ತೋರಿಸಿದವರಿಗೆ ಯಾರ ಅಪ್ಪಣೆ? ಬೇಸರ ಕಳೆಯಲಿ ಎಂದು ಸ್ಪೀಕರನ್ನು ಅವರ ಕೋಣೆಯಲ್ಲಿಟ್ಟರೆ, "ಹರಿಕಥೆ ಕೇಳ್ಕೊಂಡು ಬಿದ್ದಿರೋಕೆ ನಾನೇನು ರೋಗಿನಾ?" ಎಂದು ಹೊರಗೆ ಕಳಿಸಿದ್ದರು.

ಹತ್ತೂ ಇಪ್ಪತ್ತಕ್ಕೆ ವೃಂದಾ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. "ಅಜ್ಜಿ, ಅರ್ಧ ಗಂಟೆ ಇದನ್ನ ಆರಿಸ್ತೀನಿ."

"ಬೇಡ್ವೇ!" ಅಜ್ಜಿ ಇನ್ನೇನೋ ಹೇಳಲು ಬಾಯಿ ತೆರೆದರು, ತಾತನ ಕೋಣೆಯತ್ತ ನೋಡಿದರು, ಬಾಯಿ ಮುಚ್ಚಿದರು. ಸೌಟಿನಿಂದ ಆ ಕೋಣೆಯನ್ನು ತೋರಿಸಿ ಹುಬ್ಬು ಹಾರಿಸಿದರು.

"ತಾತಂಗೆ ತೊಂದ್ರೆನಾ? ಅದಕ್ಕೇ ಆರಿಸ್ತಿರೋದು."

ಅಜ್ಜಿ ಸೌಟನ್ನು ಇನ್ನೂ ಜೋರಾಗಿ ಆಡಿಸಿದರು. ಸಾರಿನ ಹನಿ ಗೋಡೆಗೆ ಹಾರಿತು. ಕಥಕ್ಕಳಿ ನೋಡುವಷ್ಟು ವ್ಯವಧಾನ ವೃಂದಾಗೆ ಇರಲಿಲ್ಲ. ಸ್ಪೀಕರನ್ನು ಆರಿಸಿ ಹಾಲಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು.

ನಿಶ್ಶಬ್ದ ಬಂತು. ಎಷ್ಟು ಚೆನ್ನಾಗಿತ್ತೆಂದರೆ, ಮೊದಲ ಎರಡು ಪ್ರಶ್ನೆಗಳಿಗೆ ಅವಳು ತನಗೇ ಅಚ್ಚರಿಯಾಗುವಂತೆ ಉತ್ತರಿಸಿದಳು. ತೆರೆಯ ಮೇಲಿನ ಇಬ್ಬರು ತಲೆದೂಗಿದರು. ಮೂರನೆಯ ಪ್ರಶ್ನೆಯ ನಡುವೆ ಟಕ್ ಎಂದಿತು. ಮತ್ತೆ ಟಕ್. ತಾತನ ವಾಕರು.

ಅವರು ಬಾಗಿಲವರೆಗೆ ಬಂದುಬಿಟ್ಟಿದ್ದರು. ವಾಕರಿನ ಒಂದು ಕಾಲು ಹೊಸ್ತಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಅಡಿಗೆಮನೆಯಿಂದ ಅಜ್ಜಿ ಓಡಿ ಬಂದು, ಮಡಿಯನ್ನೂ ಮರೆತು ಅವರನ್ನು ತಬ್ಬಿ ಹಿಡಿದರು. ಆ ಭಾರ ಅವರೊಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ವೃಂದಾ "ಸಾರಿ, ಒಂದು ನಿಮಿಷ" ಎಂದು ಎದ್ದಳು.

ತಾತನನ್ನು ಮಂಚದ ಮೇಲೆ ಕೂರಿಸಿ ಬರುವಷ್ಟರಲ್ಲಿ ತೆರೆ ಖಾಲಿಯಾಗಿತ್ತು.

"ಯಾಕೆ ತಾತ ಎದ್ರಿ?" ಎಂದಳು ವೃಂದಾ. "ಇವತ್ತೇ ಏಳ್ಬೇಕಿತ್ತಾ?"

"ಸದ್ದು ನಿಂತೋಯ್ತಲ್ಲ. ಏನಾಯ್ತೂಂತ ನೋಡೋಕೆ ಬಂದೆ" ಎಂದು ತಾತ ಗೋಡೆ ನೋಡಿದರು.

ಅಜ್ಜಿ ಇನ್ನು ಸ್ನಾನ ಮಾಡಿ ಬೇರೆ ಸೀರೆ ಉಟ್ಟು ಸಾರನ್ನು ಮೊದಲಿನಿಂದ ಮಾಡಬೇಕು. ಹೇಗೂ ಮಡಿ ಕೆಟ್ಟಿತ್ತಲ್ಲ, ವೃಂದಾಳನ್ನು ಬಚ್ಚಲ ಬಾಗಿಲಿಗೆ ಎಳೆದುಕೊಂಡು ಹೋಗಿ ಕಿವಿಗೆ ಬಾಯಿ ಹಚ್ಚಿದರು.

"ಜೋರಾದ್ರೆ ರೇಗ್ತಾರೆ. ಕೇಳಿಸ್ದಿದ್ರೆ ಎದ್ದು ಬರ್ತಾರೆ. ಅರ್ಧಂಬರ್ಧ ಕೇಳಿಸ್ತಿದ್ರೆ ಕಿವಿ ಕೊಟ್ಕೊಂಡು ಅಲ್ಲಾಡದೆ ಮಲಗಿರ್ತಾರೆ ಕಣೇ. ಇದನ್ನ ಕೂಗಿ ಹೇಳೋಕಾಗತ್ತಾ? ಮಡೀಲಿ ಹತ್ರ ಬಂದು ಪಿಸುಗುಟ್ಟೋಕಾಗತ್ತಾ? ಸೌಟಲ್ಲಿ ಹೇಳಿದ್ರೆ ನಿಂಗೆ ಅರ್ಥವಾಗಲ್ಲ. ಮಡಿ ಬಿಟ್ಮೇಲೆ ಅವರ ಪಕ್ಕದಲ್ಲೇ ಕೂತಿರ್ತೀನಿ, ಆಗ ಹೇಳೋಕಾಗತ್ತಾ?"

ವೃಂದಾ ಹೋಗಿ ಸ್ಪೀಕರನ್ನು ಮತ್ತೆ ಹಾಕಿದಳು.

ಮಧ್ಯಾಹ್ನ ಮಿಂಚಂಚೆ ಬಂತು. ಮನೆಯಲ್ಲಿ ಏನೋ ತುರ್ತು ಬಂತೆಂದು ಸಂದರ್ಶಕರು ತಿಳಿದಿದ್ದರು. ನಾಳೆ ಅದೇ ಹೊತ್ತಿಗೆ ಮತ್ತೆ. ಅಂದರೆ ನಾಳೆ ಹರಿಕಥೆ ತಾತನಿಗೆ ಕೇಳಿಸಬೇಕು, ಸಂದರ್ಶಕರಿಗೆ ಕೇಳಿಸಬಾರದು.

ಎರಡು ಗಂಟೆ ಅವಳು ಫೋನಿನ ಹೊಟ್ಟೆ ಬಗೆದಳು. ಅಲ್ಲಿಯವರೆಗೆ ಫೋನಿನ ಗುಂಡಿ ಒತ್ತಿದರೆ ಸ್ಪೀಕರೂ ಜೊತೆಗೇ ಏರುತ್ತಿತ್ತು. ಏಳೆಂಟು ಪುಟ ಒಳಗೆ ಅವಿತಿದ್ದ ಒಂದು ಆಯ್ಕೆ ಆ ನಂಟು ಬಿಡಿಸಿತು. ಸ್ಪೀಕರನ್ನು ಅದರದೇ ಗುಂಡಿಯಿಂದ ತಗ್ಗಿಸಿಟ್ಟು ಫೋನಿನಲ್ಲಿ ಏರಿಸಿದರೆ ಒಂದೊಂದು ಮೆಟ್ಟಿಲೂ ಪುಟ್ಟದು. ನಾಲ್ಕಕ್ಕೂ ಐದಕ್ಕೂ ನಡುವೆ ಈಗ ಜಾಗವಿತ್ತು.

"ಪೋದುಮಾ ಅಜ್ಜಿ? ಸಾಕಾ?"

ಅಜ್ಜಿ ಸೌಟೆತ್ತಿ ಆಶೀರ್ವಾದ ಮಾಡಿದರು. ಗೆಳತಿ ಶ್ರೀಯಾಗೆ ಲ್ಯಾಪ್‌ಟಾಪಿನಿಂದ ಕರೆ ಮಾಡಿ ಹರಿಕಥೆ ಕೇಳಿಸುತ್ತಿದೆಯಾ ಎಂದರೆ, "ಫ್ಯಾನ್ ಸದ್ದು ಬಿಟ್ರೆ ಏನೂ ಇಲ್ಲ" ಎಂದಳು. ವೃಂದಾ ಬೆಳಗಿನಿಂದ ಮೊದಲ ಬಾರಿಗೆ ಸರಿಯಾಗಿ ಉಸಿರು ಬಿಟ್ಟಳು.

ಆಗ ಕೋಣೆಯಿಂದ ತಾತನ ದನಿ.

"ವೃಂದಾ, ಒಂದು ಚೂರು ಜಾಸ್ತಿ ಇಡಮ್ಮ ಅದನ್ನ. ನಿಮ್ಮಜ್ಜಿಗೆ ಕೇಳಿಸ್ತಿಲ್ವೇನೋ."

ವೃಂದಾ ಅಜ್ಜಿಯನ್ನು ನೋಡಿದಳು. ಅಜ್ಜಿ ಒಂದು ಗಳಿಗೆಯೂ ತಡಮಾಡಲಿಲ್ಲ. "ಹೌದು, ನಂಗೆ ಒಂದಕ್ಷರ ಕೇಳಿಸ್ತಿಲ್ಲ!"

ಎರಡು ಗಂಟೆಯ ದುಡಿಮೆಗೆ ಒಂದು ನಮಸ್ಕಾರ ಹಾಕಿ ವೃಂದಾ ಸ್ಪೀಕರನ್ನು ಫ್ರಿಜ್ಜಿನಿಂದ ಇಳಿಸಿದಳು. ತಾತನ ದಿಂಬಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ಇಲ್ಲಿ ಮೂರು ಸಾಕು. ನಾಳೆ ಬಾಗಿಲನ್ನೂ ಮುಚ್ಚಬಹುದು.

"ಇಲ್ಲಿಂದಾದ್ರೆ ಅಜ್ಜಿಗೆ ಚೆನ್ನಾಗಿ ಕೇಳಿಸತ್ತೆ ತಾತ."

"ಹಾಗಾದ್ರೆ ಇರಲಿ" ಎಂದು ತಾತ ಗೋಡೆಯ ಕಡೆ ಹೊರಳಿದರು, ಕಿವಿಯನ್ನು ಮಾತ್ರ ಈ ಕಡೆ ಬಿಟ್ಟು.