ಬಂದ್ ಮಾಡಬಾರದ ಮಶೀನು

ಖಾನಾಪುರದ ಡೇರಿಗೆ ಹೊಸ ಕೂಲಿಂಗ್ ಮಶೀನು ಬಂದದ್ದು ಎಲ್ಲರಿಗೂ ಒಳ್ಳೆಯದಾಯಿತು, ಡೇರಿ ನಡೆಸುವ ಬ್ರಾಹ್ಮಿಯೊಬ್ಬಳನ್ನು ಬಿಟ್ಟು. ಹಳೆಯದು ಮಹಾ ಸೋರುಬುರುಕ. ಹಾಲು, ಶ್ರೀಖಂಡ ಇಡುವ ಥಂಡಿ ಕೋಣೆ ಎರಡು ತಿಂಗಳು ನೆಟ್ಟಗೆ ನಡೆದರೆ ದೊಡ್ಡದು. ಮತ್ತೆ ಗ್ಯಾಸು ಖಾಲಿ, ಮತ್ತೆ ಬೆಳಗಾವಿಯ ಖಾಸಬಾಗಕ್ಕೆ ಫೋನು, ಮೆಕ್ಯಾನಿಕ್ ಶಶಿಧರ ಬೈಕೇರಿ ಹಾಜರು. ಅವನು ಪೈಪಿನ ಜಾಯಿಂಟುಗಳಿಗೆ ಸಾಬೂನಿನ ನೊರೆ ಹಚ್ಚುವನು, ಅವಳು ಬ್ಯಾಟರಿ ಹಿಡಿಯುವಳು. ಸೋರುವಲ್ಲಿ ಗುಳ್ಳೆ ಏಳುವ ತನಕ ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕಾಯಬೇಕು. ಮದುವೆಯ ಮಾತೆತ್ತುವುದನ್ನು ನೆಂಟರೂ ಬಿಟ್ಟಿದ್ದ ವಯಸ್ಸು ಬ್ರಾಹ್ಮಿಯದು, ಅವನದೂ ಅಷ್ಟೇ. ಅವಳಿಗೆ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ. ಗುಳ್ಳೆ ಬೇಗ ಎದ್ದರೆ ಸಿಟ್ಟು ಬರುತ್ತಿತ್ತು.

ಹೊಸ ಮಶೀನಿನ ಗುಣಗಾನ ಅಣ್ಣ ಅನೇಕಾಂತನ ಬಾಯಲ್ಲಿ ಕೇಳಬೇಕು. ಹಳೆಯ ಗ್ಯಾಸು ಸೋರಿ ಸೋರಿ ಜಗತ್ತನ್ನೇ ಕಾಯಿಸುತ್ತಿತ್ತಂತೆ. ಇದರೊಳಗಿರುವುದು ನಾವು ಬಿಡುವ ಉಸಿರಿನಲ್ಲೇ ಇರುವ ಕಾರ್ಬನ್ ಡೈಆಕ್ಸೈಡ್, ಹೊರಗೆ ಹೋದರೂ ಹಳೆಯದರ ಸಾವಿರದಲ್ಲೊಂದು ಪಾಲೂ ಕೆಡುಕಿಲ್ಲವಂತೆ. ಜೈನರ ಮನೆಗೆ ಹೇಳಿ ಮಾಡಿಸಿದ್ದು ಎಂದು ಹಾಲಿಗೆ ಬಂದವರಿಗೆಲ್ಲ ಪ್ರವಚನ ಕೊಡುತ್ತಿದ್ದ.

ಜೋಡಿಸಿಕೊಟ್ಟವನು ಶಶಿಧರನೇ. ಹೊರಡುವಾಗ ಹೇಳಿದ್ದ: “ಇದನ್ನ ಎಂದೂ ಬಂದ್ ಮಾಡಬ್ಯಾಡ್ರಿ. ಬಂದ್ ಮಾಡಿದ್ರ ಒಳಗ ಗ್ಯಾಸ್ ಕಾಯ್ದು ಒತ್ತಡ ಏರತೈತಿ, ವಾಲ್ವ್ ಬಿಚ್ಚಿ ಎಲ್ಲಾ ಹೊರಗ ಹೋಗತೈತಿ. ಚಾಲೂ ಇದ್ರ ನನ್ನ ಕೆಲಸಾನ ಇಲ್ಲ.”

ಆ ಕೊನೆಯ ಮಾತು ಅವಳೆದೆಗೆ ನಾಟಿತು. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು, ಹಾಳಾದ ಮಶೀನು ಒಮ್ಮೆಯೂ ಕೆಮ್ಮಲಿಲ್ಲ. ಅವಳು ಫೋನು ಎತ್ತುವಳು, ಇಡುವಳು. ಎಲ್ಲ ಸರಿಯಾಗಿದೆ ಎಂದು ಹೇಳಲು ಮೆಕ್ಯಾನಿಕ್ಕಿಗೆ ಯಾರು ಫೋನು ಮಾಡುತ್ತಾರೆ? ರಸ್ತೆಯಲ್ಲಿ ಬೈಕಿನ ಸದ್ದಾದರೆ ಹಾಲು ಅಳೆಯುವ ಕೈ ನಿಲ್ಲುತ್ತಿತ್ತು.

ಭಾದ್ರಪದದಲ್ಲಿ ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಬಂತು. ಕೊನೆಯ ದಿನ ಅನಂತಚತುರ್ದಶಿಗೆ ಡೇರಿ ರಜೆ. ಫ್ಯಾನಿಗೆ ಸಿಕ್ಕು ಹುಳು ಸಾಯಬಾರದೆಂದು ಅಂದು ಮಶೀನನ್ನೂ ನಿಲ್ಲಿಸುವುದು ಆ ಮನೆಯ ಪದ್ಧತಿ. ಹಳೆಯದಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಈ ಸಲ ಮಶೀನು ಮಾತ್ರ ಚಾಲೂ ಇರಲಿ ಎಂದು ಹೇಳಿ ಅನೇಕಾಂತ ಬಸದಿಗೆ ಹೋದ. ಬ್ರಾಹ್ಮಿ ಖಾಲಿ ಕೋಣೆಯ ಬಾಗಿಲು ಹಾಕಿದಳು, ಸ್ವಿಚ್ಚಿನ ಮುಂದೆ ತುಸು ಹೊತ್ತು ನಿಂತಳು, ಬಂದ್ ಮಾಡಿದಳು.

ಮಧ್ಯಾಹ್ನ ಮಾಳಿಗೆಯ ಮೇಲಿನ ವಾಲ್ವಿನ ಕೊಳವೆ ಭುಸ್ಸೆಂದು ಬೆಳ್ಳಗೆ ಉಗುಳಿತು. ಓಡಿ ಬಂದ ಅಣ್ಣ, ವರ್ಷಗಳ ರೂಢಿ, ಕೈ ತಾನಾಗಿಯೇ ಹೋಗಿರಬೇಕು ಎಂದು ತಂಗಿಗೇ ಸಮಾಧಾನ ಹೇಳಿದ. ಅವಳು ಖಾಸಬಾಗಕ್ಕೆ ಫೋನು ಹಚ್ಚಿದಳು.

ಶಶಿಧರ ಸಿಲಿಂಡರು ಹೇರಿಕೊಂಡು ಬಂದದ್ದು ಕ್ಷಮಾವಣಿಯ ದಿನ. ಅಂದು ಜೈನರು ವರ್ಷದ ತಪ್ಪಿಗೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಅನೇಕಾಂತ ಅದಕ್ಕೇ ಬಸದಿಗೆ ಹೋಗಿದ್ದ. ಶಶಿಧರನ ಕಿವಿಯ ಮೇಲೆ ನರೆ ಹೆಚ್ಚಿತ್ತು. ಅವನು ಗ್ಯಾಸು ತುಂಬಿದ, ಚಾಲೂ ಮಾಡಿದ, ತಲೆ ಎತ್ತದೆ ಕೇಳಿದ: “ಮರತ್ರೇನ್ರಿ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು, ಅವನು ಸಂಜೆಯೊಳಗೆ ಬೆಳಗಾವಿ ಸೇರುತ್ತಿದ್ದ.

“ಇಲ್ರಿ. ಗೊತ್ತಿದ್ದ ಬಂದ್ ಮಾಡಿದೆ, ನೀವು ಬರಲಿ ಅಂತ. ಇವತ್ತ ಕ್ಷಮಾ ಕೇಳೂ ದಿನ. ಕ್ಷಮಾ ಮಾಡ್ರಿ.”

ಅವನು ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. “ಹಂಗಾದ್ರ ನನಗೂ ಕ್ಷಮಾ ಮಾಡಬೇಕ್ರಿ. ಈ ಮಶೀನ್ ತರಸ್ರಿ ಅಂತ ನಿಮ್ಮ ಅಣ್ಣಾರ ಬೆನ್ನ ಹತ್ತಿದಾಂವ ನಾನ. ಇಲ್ಲಿಗಿ ಬರೂದು ಚಲೋ ಅನಸ್ತಿತ್ತು. ಪ್ರತಿ ಸಲ ಹೊಳ್ಳಿ ಹೋಗೂದು ಆಗವಲ್ದಾಗಿತ್ತು, ಅದಕ್ಕ ಬರೂದ ತಪ್ಪಲಿ ಅಂದೆ.”

ಬ್ರಾಹ್ಮಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ಬಿಸಿಲು ನೋಡಿದಳು. ಇಷ್ಟು ವರ್ಷ ಅವನಿಗೆ ಚಹಾ ಹೋಗುತ್ತಿದ್ದದ್ದು ಡೇರಿಯ ಕಟ್ಟೆಗೆ.

“ಹೊತ್ತ ಮುಳಗೂದ್ರಾಗ ನಮ್ಮ ಮನ್ಯಾಗ ಊಟ ಆಗಬೇಕ್ರಿ. ಒಳಗ ಬರ್ರಿ, ಕುಂದರ್ರಿ.”

ಬಸದಿಯಿಂದ ಬಂದ ಅನೇಕಾಂತ ಅಡುಗೆಮನೆಯಲ್ಲಿ ಮೂರನೆಯ ತಾಟು ನೋಡಿದ, ಅದರ ಮುಂದೆ ಕೂತವನನ್ನು ನೋಡಿದ, ಆಮೇಲೆ ತಂಗಿಯ ಮುಖ ನೋಡಿದ. ಅವಳು ಕಣ್ಣು ತಗ್ಗಿಸದೆ ಬಡಿಸಿದಳು.