ಇಪ್ಪತ್ತರಲ್ಲೇ ನಿಂತ ಮುಳ್ಳು

ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಐವತ್ತಕ್ಕೆ ಏರಬೇಕಾದದ್ದು ಇಪ್ಪತ್ತರಲ್ಲೇ ಠಿಕಾಣಿ ಹೂಡಿತು. ಅಣ್ಣ ಇಂಜಿನ್ ಆಫ್ ಮಾಡಿದ. ಮೈಮೇಲಿನ ನೀಲಿ ಕೋಟು ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿ, ಮೂಲೆಯ ಸ್ಟೂಲಿನ ಮೇಲೆ ಕೂತ. ಊಟಕ್ಕೂ ಆ ಕೋಟು ಬಿಚ್ಚದ ಆಸಾಮಿ ಅವನು. ಹಳೇ ಕಾರುಗಳ ಇಂಜಿನ್ ಬಿಚ್ಚಿ ಜೋಡಿಸುತ್ತ ಇದೇ ಶೆಡ್ಡಿನಲ್ಲಿ ನಲವತ್ತೈದು ವರ್ಷ ಕಳೆದಿದ್ದ.

"ಬೇರಿಂಗೇ ಪುಟ್ಟಿ, ಬೇರೇನೂ ಅಲ್ಲ. ನನ್ನ ಕೈ ಕೆಟ್ಟಿದೆ," ಎಂದ. "ನಾಳೆ ಡಾಕ್ಟರಮ್ಮ ಕಾರು ತಗೊಂಡು ಹೋಗೋಕೆ ಬರ್ತಾರಲ್ಲ, ಹೇಳ್ಬಿಡ್ತೀನಿ. ಇನ್ಮೇಲೆ ನಾನು ಸ್ಪ್ಯಾನರ್ ಮುಟ್ಟಲ್ಲ."

ತಂಗಿಗೆ ಐವತ್ತೆರಡು ತುಂಬಿತ್ತು. ತಲೆ ಅರ್ಧ ನರೆತಿತ್ತು. ಆದರೂ ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ.

"ಸುಮ್ನಿರಣ್ಣ, ಏನೇನೋ ಮಾತಾಡ್ಬೇಡ," ಎಂದಳು. ಅಂದಳೇ ಹೊರತು ಆ ಮಾತಿನಲ್ಲಿ ಜೀವ ಇರಲಿಲ್ಲ. ಅವಳ ತಲೆಯಲ್ಲೂ ಅದೇ ಹುಳ ಕೊರೆಯುತ್ತಿತ್ತಲ್ಲ! ವರ್ಷದಿಂದ ಅಣ್ಣನ ಬಲಗೈ ನಡುಗುತ್ತಿತ್ತು. ಬೇರಿಂಗ್ ಕೂರಿಸುವುದೆಂದರೆ ಕೂದಲೆಳೆಯ ಲೆಕ್ಕ. ಸಂದು ಚೂರು ಹೆಚ್ಚಾದರೂ ಸಾಕು, ಆಯಿಲ್ ಅಲ್ಲೇ ಜಾರಿಹೋಗಿ ಪ್ರೆಶರ್ ಬಿದ್ದುಹೋಗುತ್ತದೆ. ಅಂಥ ಕೆಲಸವನ್ನು ನಡುಗುವ ಕೈಗೆ ಯಾಕಾದರೂ ಬಿಟ್ಟೆನೋ ಎಂದು ಎರಡು ದಿನದಿಂದ ಒಳಗೊಳಗೇ ಬೈದುಕೊಳ್ಳುತ್ತಿದ್ದಳು.

ನೋಡಬೇಕಾದದ್ದೆಲ್ಲ ನೋಡಿಯಾಗಿತ್ತು. ಆಯಿಲ್ ಗೆರೆಯ ಮಟ್ಟಕ್ಕೇ ಇತ್ತು. ಕಾರಿನ ಮೀಟರೇ ಸುಳ್ಳು ಹೇಳುತ್ತಿರಬಹುದೆಂದು ಬೇರೆ ಮೀಟರನ್ನು ನೇರ ಇಂಜಿನ್ನಿಗೇ ಜೋಡಿಸಿದರು. ಅದೂ ಇಪ್ಪತ್ತೇ ಅಂದಿತು. ಫಿಲ್ಟರ್ ಬದಲಾಯಿಸಿದರು, ಉಹೂಂ. ಒಂದನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ರಿಲೀಫ್ ವಾಲ್ವು. ಪ್ರೆಶರ್ ಮಿತಿಮೀರಿದಾಗ ಹೆಚ್ಚಿನ ಆಯಿಲನ್ನು ಕೆಳಗೆ ಬಿಡುವ ಪುಟಾಣಿ ಬಾಗಿಲು ಅದು. ಅದನ್ನು ಒತ್ತಿ ಹಿಡಿಯುವುದು ಒಂದು ಸ್ಪ್ರಿಂಗು. ಯಾಕೆ ಮುಟ್ಟಲಿಲ್ಲವೆಂದರೆ, ಅಪ್ಪನ ಕಾಲದಿಂದ ಆ ಶೆಡ್ಡಿಗೊಂದು ಕಟ್ಟುಪಾಡಿತ್ತು. ಯಾವ ಭಾಗವನ್ನು ಯಾರು ತೊಳೆದರೋ ಅವರೇ ಕೂರಿಸಬೇಕು. ಕೂರಿಸಿದ ಮೇಲೆ ಇನ್ನೊಬ್ಬರು ಬಿಚ್ಚಿ ನೋಡಬಾರದು. ವಾಲ್ವು ತೊಳೆದು ಕೂರಿಸಿದವಳು ತಂಗಿ. ಅಣ್ಣ ಅವಳನ್ನು ಅನುಮಾನಿಸುವುದುಂಟೇ? ತಂಗಿಯೂ ತನ್ನನ್ನು ತಾನು ಅನುಮಾನಿಸಲಿಲ್ಲ ಅನ್ನಿ!

ಮಾರನೇ ದಿನ ಅವಳು ಅಣ್ಣನಿಗಿಂತ ಒಂದು ಗಂಟೆ ಮೊದಲೇ ಶೆಡ್ಡಿಗೆ ಬಂದಳು. ಅಪ್ಪನ ಕಟ್ಟುಪಾಡು ಮುರಿಯಲೆಂದೇ ಬಂದಿದ್ದಳು. ಅಣ್ಣ ಬರುವುದರೊಳಗೆ ಆಯಿಲ್ ಇಳಿಸಿ, ಅವನು ಕೂರಿಸಿದ ಬೇರಿಂಗನ್ನು ಕಣ್ಣಾರೆ ನೋಡಿಬಿಡಬೇಕು. ಆಯಿಲ್ ಸಲೀಸಾಗಿ ಇಳಿಯಲಿ ಎಂದು ಇಂಜಿನ್ ಬಿಸಿಮಾಡಲು ಕೀಲಿ ತಿರುಗಿಸಿದಳು.

ಮುಳ್ಳು ಇಪ್ಪತ್ತಕ್ಕೆ ಬಂದು ನಿಂತಿತು. ಆಕ್ಸಿಲರೇಟರ್ ಒತ್ತಿದಳು. ಇಪ್ಪತ್ತೇ. ಜೋರಾಗಿ ಒತ್ತಿದಳು. ಮುಳ್ಳು ಮಿಸುಕಲಿಲ್ಲ.

"ಅರೇ!" ಎಂದಳು ಒಬ್ಬಳೇ.

ಇಷ್ಟು ದಿನ ಕಾರನ್ನು ಒಂದು ಸುತ್ತು ಓಡಿಸಿ ತಂದ ಮೇಲೇ ಮೀಟರ್ ನೋಡುತ್ತಿದ್ದರು. ತಣ್ಣಗಿನ ಇಂಜಿನ್ನಿನಲ್ಲಿ ನೋಡಿದ್ದು ಇದೇ ಮೊದಲು. ಬೇರಿಂಗ್ ಸಡಿಲವಿದ್ದರೂ ತಣ್ಣಗಿರುವಾಗ ಆಯಿಲ್ ಮಂದವಾಗಿರುತ್ತದೆ, ಮುಳ್ಳು ಮೇಲೇರಲೇಬೇಕು. ಬಿಸಿಯಾದ ಮೇಲೆ ಬೀಳಬೇಕು. ಇದು ತಣ್ಣಗಿದ್ದರೂ ಇಪ್ಪತ್ತು, ಬಿಸಿಯಿದ್ದರೂ ಇಪ್ಪತ್ತು. ಅಂದರೆ ಪ್ರೆಶರ್ ಇಪ್ಪತ್ತು ಮುಟ್ಟುತ್ತಿದ್ದಂತೆ ಯಾವುದೋ ಬಾಗಿಲು ತೆರೆದುಕೊಳ್ಳುತ್ತಿದೆ.

ಅಂಥ ಬಾಗಿಲು ಇರುವುದು ಒಂದೇ, ತಾನೇ ಕೂರಿಸಿದ ರಿಲೀಫ್ ವಾಲ್ವು. ಇಂಜಿನ್ ಆಫ್ ಮಾಡಿ, ಅದರ ದಪ್ಪ ನಟ್ಟು ಬಿಚ್ಚಿದಳು. ಸ್ಪ್ರಿಂಗು ಥಳಥಳ ಹೊಳೆಯುತ್ತ ಕೈಗೆ ಬಂತು. ಆಗ ನೆನಪಾಯಿತು. ಹಳೇ ಸ್ಪ್ರಿಂಗು ಕರ್ರಗೆ ಮಸಿಯಂತಿತ್ತು. ಡಾಕ್ಟರಮ್ಮನ ಕಾರಿಗೆ ಇದೆಂಥ ಕೊಳಕು ಎಂದುಕೊಂಡು, ಯಾವ ಸಾಮಾನನ್ನೂ ಎಸೆಯದ ಅಪ್ಪನ ಡಬ್ಬದಿಂದ ಹೊಳೆಯುವುದೊಂದನ್ನು ಆರಿಸಿ ಹಾಕಿದ್ದಳು. ಡಬ್ಬ ಸುರುವಿ ಹಳೆಯದನ್ನು ಹುಡುಕಿ, ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದಳು. ಕರಿಯದು ಹೊಳೆಯುವುದಕ್ಕಿಂತ ಅರ್ಧ ಬೆರಳು ಎತ್ತರ ಇತ್ತು. ಗಿಡ್ಡ ಸ್ಪ್ರಿಂಗಿಗೆ ಬಾಗಿಲನ್ನು ಒತ್ತಿ ಹಿಡಿಯುವ ಬಲ ಸಾಲುತ್ತಿರಲಿಲ್ಲ.

"ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ನಾಚಿಕೆ, ಸಿಟ್ಟು, ಅದರ ಬೆನ್ನಿಗೇ ಸಂತೋಷ. ಅಣ್ಣನ ಕೈ ಕೆಟ್ಟಿಲ್ಲ! ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿತ್ತು ಅಂದುಬಿಟ್ಟರೆ ಮುಗಿಯಿತು, ತನ್ನ ಮರ್ಯಾದೆಯೂ ಉಳಿಯುತ್ತದೆ ಎಂಬ ಯೋಚನೆಯೂ ಸುಳಿಯದೆ ಇರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ನಿಂತಿದ್ದ. ಒಗೆದ ಬಿಳಿ ಅಂಗಿ ತೊಟ್ಟು, ಯಾರದೋ ಮನೆಗೆ ಬಂದ ನೆಂಟನ ಹಾಗೆ ಒಳಗೆ ಬರಲೋ ಬೇಡವೋ ಎನ್ನುತ್ತಿದ್ದ. ಅವನನ್ನು ನೋಡಿದ ಮೇಲೆ ಕಸದ ಮಾತು ಅವಳ ಬಾಯಿಗೆ ಬರಲಿಲ್ಲ.

ಎರಡೂ ಸ್ಪ್ರಿಂಗನ್ನು ಅವನ ಅಂಗೈಯಲ್ಲಿಟ್ಟಳು. "ತಪ್ಪು ನಂದಣ್ಣ. ಹೊಳೀತಿದೆ ಅಂತ ಇದನ್ನ ಹಾಕ್ದೆ. ಅದೂ ಸಾಲ್ದು ಅಂತ, ನಿನ್ನ ಕೈ ಮೇಲೆ ಅನುಮಾನ ಪಟ್ಟು, ಕದ್ದು ಬೇರಿಂಗ್ ಬಿಚ್ಚೋಕೆ ಬಂದಿದ್ದೆ."

ನಡುಗುವ ಅಂಗೈಯಲ್ಲಿ ಸ್ಪ್ರಿಂಗುಗಳು ಕಿಣಿಕಿಣಿ ಎಂದವು. ಅಣ್ಣ ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ ನೋಡಿದ.

"ಇದು ಸಣ್ಣ ಕಾರಿಂದು ಕಣೇ, ಪೆದ್ದಿ!" ಎಂದ. ಹೊಳೆಯುವುದನ್ನು ಮೇಜಿನ ಮೇಲೆ ಬದಿಗಿಟ್ಟು, "ಕೈ ಮೇಲೆ ನನಗೇ ಅನುಮಾನ ಬಂದಿತ್ತು. ನಿನಗೆ ಬಂದ್ರೆ ಏನು ಮಹಾ?" ಎಂದ.

"ಹಾಗಾದ್ರೆ ನಾನೂ ಇನ್ಮೇಲೆ ಸ್ಪ್ಯಾನರ್ ಮುಟ್ಟಬಾರ್ದಾ?"

"ಇಬ್ರೂ ಮುಟ್ಟದಿದ್ರೆ ಶೆಡ್ಡಲ್ಲಿ ಇಲಿ ಸಾಕೋಣ್ವಾ? ಹಿಡ್ಕೋ ಇದನ್ನ."

ಅವಳು ಕರಿ ಸ್ಪ್ರಿಂಗನ್ನು ನೆಟ್ಟಗೆ ಹಿಡಿದಳು, ಅವನು ನಟ್ಟು ತಿರುಗಿಸಿದ. ಮೂರು ಸಲ ಜಾರಿತು, ನಾಲ್ಕನೇ ಸಲ ಕೂತಿತು. ಇಂಜಿನ್ ಶುರುವಾಯಿತು. ಮುಳ್ಳು ಇಪ್ಪತ್ತು ದಾಟಿತು, ಮೂವತ್ತು, ನಲವತ್ತು, ಐವತ್ತಕ್ಕೆ ಹೋಗಿ ನಿಂತಿತು. ತಂಗಿಯ ಕಣ್ಣು ತುಂಬಿಬಂತು. ಹೊಗೆ ಎಂದು ಸುಳ್ಳು ಹೇಳಿದಳು.

ಗೇಟಿನ ಹತ್ತಿರದಿಂದಲೇ ಡಾಕ್ಟರಮ್ಮ ಕೂಗಿ ಕೇಳಿದರು, "ಸರಿಹೋಯ್ತಾ? ಏನಾಗಿತ್ತು?"

ತಂಗಿ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ, "ಸ್ಪ್ರಿಂಗು ತಪ್ಪಾಗಿತ್ತಮ್ಮ. ತಪ್ಪು ನಮ್ದೇ. ಈಗ ಗಟ್ಟಿಯಾಗಿದೆ, ಬನ್ನಿ, ಓಡಿಸಿ ನೋಡೋಣ."

"ಅಂಗಿ ಕೊಳೆಯಾಗತ್ತೆ, ತಡಿ," ಎಂದು ತಂಗಿ ಮೊಳೆಯಿಂದ ನೀಲಿ ಕೋಟು ತೆಗೆದು ಬಿಡಿಸಿ ಹಿಡಿದಳು. ಅಣ್ಣನ ಬಲಗೈಗೆ ತೋಳು ಸಿಕ್ಕಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಅವಸರ ಮಾಡದೆ ಹಿಡಿದುಕೊಂಡೇ ನಿಂತಳು.